ಹತ್ತಕ್ಕೆ ಹನ್ನೆರಡೂವರೆ

ನೀರಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಇಪ್ಪತ್ತಾರು ವರ್ಷ ಸೈಕಲ್ ಮೇಲೆ ಕ್ಯಾನು ಕಟ್ಟಿಕೊಂಡು ಹಾಲು ಮಾರಿದ ಮೇಲೆ ಆ ಹೆಸರು ಅವನಿಗೇ ಅಪರಿಚಿತವಾಗಿತ್ತು. ಹಾಲಿಗೆ ನೀರು ಬೆರೆಸುವುದರಲ್ಲಿ ಅವನದು ಎತ್ತಿದ ಕೈ. ಕಾಲು ಪಾಲು ಅಂದರೆ ಕಾಲೇ ಪಾಲು, ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಡಿಮೆಯಿಲ್ಲ. ಅಳತೆಪಾತ್ರೆಯ ಹಂಗೇ ಇರಲಿಲ್ಲ. ಮೋಸದಲ್ಲೂ ಇಷ್ಟು ನಿಯತ್ತಿನ ಮನುಷ್ಯನನ್ನು ನಾನಂತೂ ಕಂಡಿಲ್ಲ.

ಕಳ್ಳತನ ಬಯಲಾದದ್ದು ಒಂದು ಗೊದಮೊಟ್ಟೆಯಿಂದ. ಎದುರುಮನೆಯಾಕೆ ಪಾತ್ರೆಗೆ ಹಾಲು ಹಾಕಿಸಿಕೊಂಡು ನೋಡಿದರೆ ಕಪ್ಪಗಿನ ಕಪ್ಪೆಮರಿಯೊಂದು ಬಾಲ ಅಲ್ಲಾಡಿಸುತ್ತ ಹಾಯಾಗಿ ಈಜುತ್ತಿತ್ತು. "ಹಸು ಕೆರೆ ನೀರು ಕುಡಿಯುವಾಗ ಒಳಗೆ ಹೋಗಿರ್ಬೇಕು ಕಣಕ್ಕಾ" ಎಂದ ನೀರಣ್ಣ. ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗದೆ ಉಳಿದವಳು ಅವನ ಹೆಂಡತಿ ಒಬ್ಬಳೇ. ಅವಳು ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ಅವನ ಮುಂದೆ ಕೈ ಚಾಚಿದಳು.

"ಭಾಷೆ ಕೊಡಿ. ಇನ್ನು ಈ ಜನ್ಮದಲ್ಲಿ ಯಾವುದಕ್ಕೂ ನೀರು ಬೆರೆಸಲ್ಲ ಅಂತ."

"ಹಣ್ಣಿನ ರಸಕ್ಕೂ ಬೇಡ್ವೇನೇ?"

"ಅದಕ್ಕೆ ನಾನಿದ್ದೀನಿ. ನೀವು ಭಾಷೆ ಕೊಡಿ. ಇನ್ನೊಂದು ಸಲ ಹೀಗಾದ್ರೆ ನಾನು ನಮ್ಮಕ್ಕನ ಮನೆಗೆ ಹೋದವಳು ತಿರುಗಿ ಬರಲ್ಲ."

ಅವನು ಅವಳ ಕೈಮೇಲೆ ಕೈಯಿಟ್ಟ. ಮಾರನೆಯ ದಿನದಿಂದ ಅಪ್ಪಟ ಹಾಲು ಮಾರಿದ. "ಇದೇನಪ್ಪಾ ಇಷ್ಟು ಗಟ್ಟಿ? ಈಗ ಹಿಟ್ಟು ಬೇರೆ ಕಲಸ್ತೀಯಾ?" ಎಂದು ಗಿರಾಕಿಗಳು ಮೂಗು ಮುರಿದರು. ಎರಡೇ ತಿಂಗಳಲ್ಲಿ ವ್ಯಾಪಾರ ಮಕಾಡೆ ಮಲಗಿತು. ಆಮೇಲೆ ಹತ್ತು ತಿಂಗಳು ಅವನು ಮನೆಯ ಮೆಟ್ಟಿಲ ಮೇಲೆ ಕೂತು ಹೋಗಿಬರುವವರ ಚಪ್ಪಲಿ ನೋಡಿದ.

ಆ ಹೊತ್ತಿಗೆ ಬೀದಿಯ ಕೊನೆಯ ಹಳೇ ಗೋದಾಮಿಗೆ ಇಂಜಿನಿಯರ್ ಮೇಡಂ ಒಬ್ಬರು ಬಂದರು. ಮಾರುಕಟ್ಟೆಯ ಕೊಳೆತ ಹಣ್ಣಿನಿಂದ ಬಟ್ಟಿ ಇಳಿಸಿದ ಸ್ಪಿರಿಟ್ಟಿನಲ್ಲಿ ಕರೆಂಟು ತೆಗೆಯುವ ಪೆಟ್ಟಿಗೆ ಅವರದು. ಅದರೊಳಗೆ ಪಿಂಗಾಣಿಯ ತೆಳು ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ಕೆಂಡದಷ್ಟು ಕಾಯಿಸಿ, ಒಂದು ಮಗ್ಗುಲಿಗೆ ಸ್ಪಿರಿಟ್ಟಿನ ಆವಿ, ಇನ್ನೊಂದು ಮಗ್ಗುಲಿಗೆ ಗಾಳಿ ಬಿಡುತ್ತಿದ್ದರು. ಉರಿಯಿಲ್ಲ, ಹೊಗೆಯಿಲ್ಲ, ಗದ್ದಲವಿಲ್ಲ, ತಂತಿಯಲ್ಲಿ ಮಾತ್ರ ಕರೆಂಟು. ಅಳೆದು ಬೆರೆಸುವ ಕೆಲಸಕ್ಕೆ ಕೈ ಪಳಗಿದವರು ಬೇಕು ಎಂದು ಮೇಡಂ ಬೀದಿಯಲ್ಲಿ ವಿಚಾರಿಸಿದ್ದೇ ತಡ, ಎಲ್ಲರ ಬೆರಳೂ ಒಂದೇ ಮನೆಯ ಕಡೆ ತಿರುಗಿತು.

"ನೀರಣ್ಣನವರೇ," ಎಂದರು ಮೇಡಂ ಮೊದಲ ದಿನ. ಪಾಪ, ಅದೇ ಅವನ ನಿಜವಾದ ಹೆಸರು ಎಂದು ಅವರು ನಂಬಿದ್ದರು. "ಕೆಲಸ ಸುಲಭ. ಹತ್ತು ಲೋಟ ಸ್ಪಿರಿಟ್ಟಿಗೆ ಹನ್ನೆರಡೂವರೆ ಲೋಟ ನೀರು ಬೆರೆಸಿ ಈ ತೊಟ್ಟಿಗೆ ಹಾಕಿ."

ನೀರಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಸರಕಿಗಿಂತ ನೀರೇ ಹೆಚ್ಚು! ತನ್ನ ಕೆಟ್ಟ ಕಾಲದಲ್ಲೂ ಅವನು ಇಂಥ ಧೈರ್ಯ ಮಾಡಿರಲಿಲ್ಲ. ನೋಡೋಕೆ ಓದಿದ ಹೆಣ್ಣುಮಗಳು, ಮಾಡೋದು ನನ್ನನ್ನೂ ಮೀರಿಸೋ ಕೆಲಸ ಎಂದುಕೊಂಡ. ಭಾಷೆ ಕೊಟ್ಟಿದ್ದೇನೆ ಎನ್ನೋಣವೆಂದರೆ ಗೊದಮೊಟ್ಟೆಯ ಕಥೆ ಹೇಳಬೇಕಾಗುತ್ತಿತ್ತು. ಅದಕ್ಕೆ ಹೂಂ ಎಂದು ತಲೆಯಾಡಿಸಿ, ಮೇಡಂ ಅತ್ತ ಹೋದ ಕೂಡಲೇ ಅಪ್ಪಟ ಸ್ಪಿರಿಟ್ಟನ್ನೇ ತೊಟ್ಟಿಗೆ ಸುರಿದ. ಸುರಿಯುವಾಗ ಮೈಯೆಲ್ಲ ಹಗುರಾಯಿತು. ಇಷ್ಟು ಪ್ರಾಮಾಣಿಕನಾಗಿ ಅವನು ಹುಟ್ಟಿದಾಗಿನಿಂದ ಕೆಲಸ ಮಾಡಿರಲಿಲ್ಲ.

ಮೂರನೆಯ ದಿನ ಪೆಟ್ಟಿಗೆಯ ಮೀಟರಿನ ಮುಳ್ಳು ಮೆಲ್ಲಗೆ ಇಳಿಯಿತು, ಸೊನ್ನೆಗೆ ಬಂದು ಕೂತಿತು. ಪೆಟ್ಟಿಗೆ ಆರಿದ ಮೇಲೆ ಮೇಡಂ ಬಿಚ್ಚಿ ನೋಡಿದರೆ ಬಿಲ್ಲೆಗಳೆಲ್ಲ ಕಪ್ಪಿಟ್ಟಿದ್ದವು.

"ನೀರು ಹಾಕಿದ್ರಾ?"

"ಒಂದು ತೊಟ್ಟೂ ಇಲ್ಲ ಮೇಡಂ! ಅಪ್ಪಟ!" ಎಂದ ನೀರಣ್ಣ, ಎದೆಯುಬ್ಬಿಸಿ.

ಮೇಡಂ ಪಕ್ಕದ ಸ್ಟೂಲಿನ ಮೇಲೆ ಕುಸಿದರು. ಸ್ಪಿರಿಟ್ಟಿನ ಜೊತೆ ನೀರಿನ ಆವಿಯೂ ಹೋಗದಿದ್ದರೆ ಒಳಗೆಲ್ಲ ಮಸಿ ಕಟ್ಟಿ ಬಿಲ್ಲೆ ಉಸಿರಾಡುವುದಿಲ್ಲ ಎಂದು ಬಿಡಿಸಿ ಹೇಳಿದರು. ಕೆಟ್ಟದ್ದು ಪರೀಕ್ಷೆಯ ಸಣ್ಣ ಪೆಟ್ಟಿಗೆ. ಅಸಲಿ ದೊಡ್ಡ ಪೆಟ್ಟಿಗೆ ಆಗಲೇ ಬಿಸಿಯೇರುತ್ತಿತ್ತು, ನಾಳೆ ಸಂಜೆ ಅದು ಊರಿನ ಗ್ರಂಥಾಲಯದ ದೀಪಗಳನ್ನೆಲ್ಲ ಬೆಳಗಬೇಕಿತ್ತು. "ನಾಳೆ ನೀವು ಬೆರೆಸ್ತೀರೋ, ಬೇರೆಯವರನ್ನ ಕರೀಲೋ, ಹೇಳಿ" ಎಂದರು.

ಅತ್ತ ದರಿ, ಇತ್ತ ಪುಲಿ. ಬೆರೆಸಿದರೆ ಹೆಂಡತಿ ಹೋಗುತ್ತಾಳೆ, ಬೆರೆಸದಿದ್ದರೆ ಕೆಲಸ ಹೋಗುತ್ತದೆ. ಮನೆಗೆ ಬಂದು ಎಲ್ಲವನ್ನೂ ಉಸುರಿದ.

"ಎಣ್ಣೆಗೂ ನೀರಾ!" ಎಂದಳು ಹೆಂಡತಿ.

"ಎಣ್ಣೆ ಅಲ್ವೇ, ಸ್ಪಿರಿಟ್ಟು."

"ಏನಾದ್ರೂ ಆಗ್ಲಿ. ನಿಮಗಿಂತ ದೊಡ್ಡ ಕಳ್ಳಿ ಕಣ್ರೀ ಅವಳು. ನಡೀರಿ, ನಾಳೆ ನಾನೇ ಬಂದು ವಿಚಾರಿಸ್ಕೋತೀನಿ."

ಬೆಳಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋದಾಮಿಗೆ ನುಗ್ಗಿದವಳನ್ನು ಕಂಡು ಮೇಡಂ ಎರಡು ಹೆಜ್ಜೆ ಹಿಂದೆ ಸರಿದರು. ಪುಣ್ಯಕ್ಕೆ ಅವರು ವಿಜ್ಞಾನ ಹೇಳಲು ಹೋಗಲಿಲ್ಲ. ಮೇಜಿನ ಮೇಲೆ ಎರಡು ಬಿಲ್ಲೆ ಇಟ್ಟರು. "ಇದು ನೀರು ಬೆರೆಸಿ ಓಡಿಸಿದ್ದು. ಇದು ನಿಮ್ಮವರು ಬೆರೆಸದೇ ಓಡಿಸಿದ್ದು."

ಅವಳು ಎರಡನೆಯದರ ಮೇಲೆ ಬೆರಳಾಡಿಸಿದಳು. ಬೆರಳು ಕರ್ರಗಾಯಿತು. ಮೂವತ್ತು ವರ್ಷ ಪಾತ್ರೆಯ ತಳ ತಿಕ್ಕಿದವಳಿಗೆ ಮಸಿಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಬೆರಳನ್ನೂ ಗಂಡನ ಮುಖವನ್ನೂ ಒಂದು ಸಲ ನೋಡಿ ಕಿಸಕ್ಕೆಂದಳು. ಆಮೇಲೆ ತಡೆಯಲಾಗದೆ ಗೊಳ್ಳೆಂದು ನಕ್ಕಳು, ಗೋಡೆ ಹಿಡಿದುಕೊಂಡು ನಕ್ಕಳು.

"ಅಯ್ಯೋ, ಜೀವಮಾನದಲ್ಲಿ ಒಂದು ಸಲ ಸತ್ಯವಂತರಾದ್ರಿ, ಅದೂ ಸೀದು ಹೋಯ್ತಲ್ರೀ!"

"ಭಾಷೆ ಕೊಟ್ಟಿದ್ನಲ್ಲೇ" ಎಂದ ನೀರಣ್ಣ.

ಅವಳ ನಗು ಗಕ್ಕನೆ ನಿಂತಿತು. ಕೆಲಸ ಹೋದರೂ ಸರಿ, ತನಗೆ ಕೊಟ್ಟ ಮಾತು ಹೋಗಬಾರದು ಎಂದು ಈ ಮನುಷ್ಯ ಮೂರು ದಿನ ಹೆಣಗಾಡಿದ್ದ ಎಂಬುದು ಅವಳಿಗೆ ಈಗ ತಟ್ಟಿತು. "ಆ ಭಾಷೆ ವಾಪಸ್ ಕೊಟ್ಟೆ, ತಗೊಳ್ಳಿ" ಎಂದಳು ಮೆಲ್ಲಗೆ. "ಕದ್ದು ಬೆರೆಸಿದ್ರೆ ಮೋಸ. ಹೇಳಿ ಬೆರೆಸಿದ್ರೆ ಅದು ಅಳತೆ. ಸುರೀರಿ, ನಾನು ನೋಡ್ಬೇಕು."

ಅವನು ಸುರಿದ. ಮೇಡಂ ಅಳೆದು ನೋಡಿ ಹುಬ್ಬೇರಿಸಿದರು. "ಒಂದು ತೊಟ್ಟು ಆ ಕಡೆ ಈ ಕಡೆ ಇಲ್ವಲ್ಲ!"

ಸಂಜೆ ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಡಂ ಗುಂಡಿ ಒತ್ತಿದರು. ಕಪಾಟುಗಳ ಮೇಲೆ, ಮೇಜುಗಳ ಮೇಲೆ, ಮೆಟ್ಟಿಲ ತಿರುವಿನಲ್ಲಿ ಸಾಲಾಗಿ ದೀಪ ಹತ್ತಿಕೊಂಡವು. ಚಪ್ಪಾಳೆಯೋ ಚಪ್ಪಾಳೆ. ನಡುವೆ ಹಿಂದಿನ ಸಾಲಿನಿಂದ ಯಾವನೋ ಕಿಡಿಗೇಡಿ ಕೂಗಿದ, "ನೀರಣ್ಣಾ, ಇದಕ್ಕೂ ನೀರು ಹಾಕಿದ್ದೀಯೇನೋ?"

ನಗು ಅಲೆ ಅಲೆಯಾಗಿ ಎದ್ದಿತು. ನೀರಣ್ಣ ಅಭ್ಯಾಸಬಲದಿಂದ ತಲೆ ತಗ್ಗಿಸಿ, ಕಂಬದ ಮರೆಗೆ ಸರಿಯಲು ಹೆಜ್ಜೆ ಎತ್ತಿದ. ಅಷ್ಟರಲ್ಲಿ ಪಕ್ಕದ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು ಅವನ ಹೆಂಡತಿ.

"ಹಾಕಿದ್ದಾರೆ!" ಎಂದಳು, ಛಾವಣಿ ಹಾರಿಹೋಗುವಂತೆ. "ಹತ್ತಕ್ಕೆ ಹನ್ನೆರಡೂವರೆ! ನಮ್ಮ ಯಜಮಾನ್ರೇ ಹಾಕಿದ್ದು, ನಾನೇ ಕಣ್ಣಾರೆ ನೋಡಿದ್ದೀನಿ!"