ಪರದೆಯನ್ನು ಪಾಲು ಮಾಡಿದ್ದು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪ್ರೆಸ್ಸಿಗೆ ಸೇರಿದವನು ನಾನು. ಹದಿನೆಂಟು ವರ್ಷ ಅಚ್ಚುಮೊಳೆ ಜೋಡಿಸಿದ್ದೆ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಪ್ರೆಸ್ಸಿನ ಯಜಮಾನರಾದ ನಮ್ಮ ದನಿಗಳು ಕಂಪ್ಯೂಟರ್ ತರಿಸಿದರು. ಅದಕ್ಕೆ ಡಿಪ್ಲೊಮಾ ಆದವನು ಬರುತ್ತಾನೆ, ನೀನು ಬೈಂಡಿಂಗಿಗೆ ಹೋಗು ಎಂದರು. ಕೆನ್ನೆಗೆ ಹೊಡೆದ ಹಾಗಾಯಿತು. ಒಂದು ವಾರ ಕೊಡಿ ಎಂದೆ.

"ಒಂದು ವಾರದಲ್ಲಿ ಎಂತ ಕಲಿತೀಯ ಮಾರಾಯ? ಆಯ್ತು, ಡಾಕ್ಟರುಗಳ ವಿಳಾಸದ ಪುಸ್ತಕ ಉಂಟಲ್ಲ, ಅದನ್ನು ಮಾಡು. ಒಂದು ತಪ್ಪು ಬಂದ್ರೂ ಬೈಂಡಿಂಗ್."

ಇಂಗ್ಲಿಷ್ ಮಾತು ನನಗೆ ಬಾರದು. ಅಕ್ಷರ ಮಾತ್ರ ತಲೆಕೆಳಗಾಗಿಯೂ ಓದುತ್ತಿದ್ದೆ. ಕಲಿಸಲು ಬಂದ ಕಂಪ್ಯೂಟರ್ ಕಂಪೆನಿಯ ಟ್ರೈನರ್ ಆ ಪುಸ್ತಕದ ಹಳೆಯ ಪಟ್ಟಿಯನ್ನು ಮೊದಲೇ ತುಂಬಿಸಿಟ್ಟಿದ್ದ. ಮನೆ ಬದಲಿಸಿದವರು, ಹೊಸಬರು, ನಿವೃತ್ತರು ಎಂದು ಮೂರು ಪಟ್ಟಿಗಳನ್ನು ನಾನು ಒಂದೇ ಬೆರಳಿನಲ್ಲಿ ಕುಟ್ಟಿದೆ. ಅವನ್ನು ನೋಡಿ ಹಳೆಯದನ್ನು ತಿದ್ದುವಾಗ ಬಂತು ಕಷ್ಟ. ಪರದೆಯ ಮೇಲೆ ಒಂದು ಪಟ್ಟಿಯನ್ನು ತೆರೆದರೆ ಅದು ಇನ್ನೊಂದನ್ನು ಪೂರ್ತಿ ಮುಚ್ಚುತ್ತಿತ್ತು. ಫೋನ್ ನಂಬರನ್ನು ಬಾಯಲ್ಲಿ ಹೇಳಿಕೊಳ್ಳುತ್ತಲೇ ಆಚೆಯ ಪಟ್ಟಿಗೆ ಹೋಗಬೇಕು. ನಾಲ್ಕನೆಯ ದಿನ ಕದ್ರಿಯ ಹಲ್ಲಿನ ಡಾಕ್ಟರರ ನಂಬರು ಅತ್ತಾವರದ ಕಣ್ಣಿನ ಡಾಕ್ಟರರ ಎದುರು ಕೂತಿತ್ತು. ಪುಣ್ಯಕ್ಕೆ ನಾನೇ ಹಿಡಿದು ತಿದ್ದಿದೆ.

"ಒಂದರ ಮೇಲೆ ಒಂದು ಯಾಕೆ ಮಲಗಬೇಕು?" ಎಂದು ಟ್ರೈನರನ್ನು ಕೇಳಿದೆ. "ನಮ್ಮ ಮೊಳೆ ಇನ್ನೊಂದು ಮೊಳೆಯ ಮೇಲೆ ಕೂರುವುದುಂಟಾ?"

"ಇದು ಸೀಸ ಅಲ್ಲ ಅಣ್ಣ!"

"ಜಾಗ ಜಾಗವೇ ಅಲ್ವಾ? ಒಬ್ಬ ದಪ್ಪ ಆದ್ರೆ ಪಕ್ಕದವ ಸರಿಯಬೇಕು, ಅಷ್ಟೆ. ಕಂಪ್ಯೂಟರಿನ ಜೊತೆ ಬಂದ ಆ ಪುಸ್ತಕದಲ್ಲಿ ಹುಡುಕಿ ನೋಡಿ."

ಅವನು ನಗುತ್ತಲೇ ಪುಸ್ತಕದ ಪುಟ ಮಗುಚಿದ. ಪರದೆಯನ್ನು ಪಾಲು ಮಾಡಲು ಯಾವ ಕೀಲಿ ಒತ್ತಬೇಕೆಂದು ಅದರಲ್ಲಿತ್ತು! ಅವನೇ ಒಮ್ಮೆಯೂ ಒತ್ತಿ ನೋಡಿರಲಿಲ್ಲ.

ಎಡಗಡೆ ಹಳೆಯ ಪಟ್ಟಿ ಇಟ್ಟೆ. ಬಲಗಡೆ ನನ್ನ ಮೂರು ಪಟ್ಟಿಗಳು. ಒಂದನ್ನು ಬಿಡಿಸಿದರೆ ಉಳಿದೆರಡು ಪಟ್ಟಿಗಳು ತಮ್ಮ ತಲೆಬರಹ ಮಾತ್ರ ಕಾಣುವಂತೆ ಒಂದೊಂದು ಸಾಲಿಗೆ ಮಡಚಿಕೊಳ್ಳುತ್ತಿದ್ದವು, ಕಟ್ಟಿಟ್ಟ ಫೈಲುಗಳ ಚೀಟಿಯ ಹಾಗೆ. ಎಡಗಡೆ ನಂಬರಿನ ಬಾಲ ತುಂಡಾಗುತ್ತಿತ್ತು. ಗಡಿಯನ್ನು ನಾಲ್ಕು ಅಕ್ಷರದಷ್ಟು ಸರಿಸಿದೆ. ಬಲಗಡೆಯದು ಅಷ್ಟೇ ಕುಗ್ಗಿತು. ಒಂದು ಕೂದಲಿನಷ್ಟೂ ಜಾಗ ಹಾಳಾಗಿರಲಿಲ್ಲ, ಯಾವುದೂ ಯಾವುದನ್ನೂ ಮುಚ್ಚಿರಲಿಲ್ಲ. ಆಮೇಲೆ ಕೈ ಓಡಿದ್ದೇ ಓಡಿದ್ದು.

ವಾರ ಮುಗಿದ ಶನಿವಾರ ದನಿಗಳು ಕೆಂಪು ಪೆನ್ನು ಹಿಡಿದು ಊರಿನ ಆ ತುದಿಯ ಉರ್ವದಿಂದ ಈ ತುದಿಯ ಅತ್ತಾವರದವರೆಗೆ ಒಬ್ಬೊಬ್ಬ ಡಾಕ್ಟರನ್ನೂ ಪರೀಕ್ಷಿಸಿದರು. ಕಡೆಗೆ ಒಂದು ಗೀಟೂ ಎಳೆಯದೆ ಪೆನ್ನಿಗೆ ಮುಚ್ಚಳ ಹಾಕಿದರು.

"ಡಿಪ್ಲೊಮಾದವನಿಗೆ ಬರುವುದು ಬೇಡ ಅಂತ ಹೇಳ್ತೇನೆ."

ಹೊರಡುವ ಮೊದಲು ಟ್ರೈನರ್ ಹತ್ತಿರ ಬಂದ. "ಅಣ್ಣ, ಆ ಪಾಲು ಮಾಡುವುದನ್ನು ಇನ್ನೊಮ್ಮೆ ತೋರಿಸ್ತೀರಾ? ಬೇರೆ ಪ್ರೆಸ್ಸಿನಲ್ಲೂ ಕಲಿಸಬಹುದು."

"ಅದಕ್ಕೇನು, ಬನ್ನಿ" ಎಂದೆ. ಅವನಿಗೆ ಪಕ್ಕದ ಸ್ಟೂಲು ಎಳೆದುಕೊಟ್ಟೆ. ಕಂಪ್ಯೂಟರಿನ ಎದುರಿನ ಕುರ್ಚಿಯಿಂದ ಮಾತ್ರ ನಾನು ಏಳಲಿಲ್ಲ.