ಅಂದು ಘಟ್ಟ ಹತ್ತಲಿಲ್ಲ

ಐವತ್ತು ದಾಟಿದ ಮೇಲೆ ನನಗೆ ಸಮುದ್ರದ ತಳ ನೋಡುವ ಹುಚ್ಚು ಹಿಡಿಯಿತು. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಹೆಂಗಸು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗೆ ಇಳಿಯುತ್ತಾಳಂತೆ ಎಂದು ಗೋಪಾಳ ಬಡಾವಣೆಯ ನಮ್ಮ ಬೀದಿಯವರು ಸಾಕಷ್ಟು ನಕ್ಕರು. ನಗಲಿ ಎಂದು ಬಿಟ್ಟೆ.

ಆ ದಿನ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಎರಡು ಸಲ ಮುಳುಗಿದ್ದೆ. ಮೇಲೇಳುವಾಗ ಅವಸರ ಮಾಡಲಿಲ್ಲ. ಕಲಿಸಿದವರು ಹೇಳಿದಂತೆ ನಿಧಾನವಾಗಿ ಬಂದು, ಮೇಲ್ಮೈಗಿಂತ ಸ್ವಲ್ಪ ಕೆಳಗೆ ಮೂರು ನಿಮಿಷ ತಡೆದು, ಆಮೇಲೆ ತಲೆ ಎತ್ತಿದೆ. ದಡಕ್ಕೆ ಬಂದು ಎಳನೀರು ಕುಡಿಯುತ್ತಿದ್ದಾಗ ಭದ್ರಾವತಿಯ ನ್ಯೂ ಟೌನಿನಿಂದ ತಮ್ಮನ ಫೋನು ಬಂತು.

“ಅಕ್ಕಾ, ಪುರೋಹಿತರಿಗೆ ಮುಂದಿನ ವಾರ ಆಗಲ್ವಂತೆ. ಪಾಪುಗೆ ನಾಳೆ ಬೆಳಗ್ಗೆನೇ ನಾಮಕರಣ. ಇವತ್ತೇ ಹೊರಟು ಬಂದ್ಬಿಡು. ಸೋದರತ್ತೆ ನೀನೇ ಇಲ್ದಿದ್ರೆ ಹೆಸರು ಯಾರು ಇಡ್ತಾರೆ?”

ಎಷ್ಟೋ ವರ್ಷ ಕಾದ ಮೇಲೆ ತಮ್ಮನಿಗೆ ಹುಟ್ಟಿದ ಮಗಳು. ಅವಳನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ನನ್ನದು. ಜೊತೆಗೆ ಬಂದಿದ್ದ ನನ್ನವರು ಆಗಲೇ ಕಾರಿನ ಕೀ ಕೈಗೆತ್ತಿಕೊಂಡಿದ್ದರು.

“ಹೊರಡು. ಗೇರುಸೊಪ್ಪೆ ಘಟ್ಟ ಹತ್ತಿದ್ರೆ ರಾತ್ರಿ ಊಟಕ್ಕೆ ಮನೇಲಿರ್ತೀವಿ.”

“ಇವತ್ತು ಘಟ್ಟ ಹತ್ತೋ ಹಾಗಿಲ್ಲ ರೀ. ಮುಳುಗಿದ ಮೇಲೆ ಹದಿನೆಂಟು ಗಂಟೆ ಎತ್ತರಕ್ಕೆ ಹೋಗ್ಬಾರ್ದು ಅಂದಿದಾರೆ ಕಲಿಸಿದ ಮೇಷ್ಟ್ರು. ಬೆಳಗ್ಗೆವರೆಗೂ ಇಲ್ಲೇ ಇರ್ಬೇಕು.”

“ಅದು ವಿಮಾನ ಹತ್ತೋರಿಗೆ ಹೇಳೋ ಮಾತು ಕಣೇ. ನಮ್ದು ಕಾರು!”

ಮಲೆನಾಡಿನವರು ಮಾತ್ರ ಮಾಡಬಲ್ಲ ತಪ್ಪು ಇದು. ಘಟ್ಟವೆಂದರೆ ನಮಗೆ ತಿರುವು, ವಾಂತಿ, ಮೇಲೆ ಸಿಗುವ ಟೀ ಅಂಗಡಿ. ಅದು ಎತ್ತರ ಎನ್ನುವುದೇ ಮರೆತುಹೋಗಿರುತ್ತದೆ. ನೀರಿನಾಳದ ಒತ್ತಡದಲ್ಲಿ ಉಸಿರಾಡಿದ ನೈಟ್ರೋಜನ್ ಮೈಯಲ್ಲಿ ಕರಗಿ ಕೂತಿರುತ್ತದೆ. ಉಸಿರಿನ ಜೊತೆ ಅದು ಮೆಲ್ಲಗೆ ಹೊರಗೆ ಹೋಗಬೇಕು. ಅಷ್ಟರೊಳಗೆ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹತ್ತಿದರೆ, ಸೋಡಾ ಬಾಟಲಿಯ ಗೋಲಿ ಒತ್ತಿದ ಹಾಗೆ ಮೈಯೊಳಗೇ ಗುಳ್ಳೆ ಏಳಬಹುದು. ಭುಜ, ಮೊಣಕಾಲು ಹಿಡಿಯಬಹುದು. ಗ್ರಹಚಾರ ಕೆಟ್ಟರೆ ಬೆನ್ನುಹುರಿಗೇ ಪೆಟ್ಟು. ಮಕ್ಕಳಿಗೆ ಜೀವಮಾನವಿಡೀ ಪಾಠ ಮಾಡಿದ್ದನ್ನು ನನ್ನ ಮೈಗೆ ಬಂದಾಗ ಮರೆಯಲೇ?

ತಮ್ಮನಿಗೆ ನಾನೇ ಫೋನು ಮಾಡಿದೆ. “ಹೋಮ ಬೆಳಗ್ಗೆ ಮುಗಿಸು ಮಾರಾಯ, ತೊಟ್ಟಿಲು ಸಂಜೆಗಿಟ್ಕೋ. ದೀಪ ಹಚ್ಚೋ ಹೊತ್ತಿಗೆ ನಾನಲ್ಲಿರ್ತೀನಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಅಮ್ಮ ಹೇಳ್ತಿರ್ಲಿಲ್ವಾ?”

“ನಿಂಗೆ ಮಗೂಗಿಂತ ಮೀನೇ ಹೆಚ್ಚಾಯ್ತು. ನಮ್ಮತ್ತೆ ಕಡೆಯೋರು ಹೆಸರಿಡ್ತಾರೆ ಬಿಡು,” ಎಂದು ಅವನು ಫೋನಿಟ್ಟ.

ಹೋಟೆಲಿನ ರೂಮಿನಲ್ಲಿ ಕೂತು ಅತ್ತುಬಿಟ್ಟೆ. ಆದರೂ ಜಗ್ಗಲಿಲ್ಲ. ನನ್ನವರು ಒಂದಷ್ಟು ಹೊತ್ತು ಮುಖ ಊದಿಸಿಕೊಂಡಿದ್ದು, ಕೊನೆಗೆ ಒಂದು ದೊಡ್ಡ ಬಾಟಲಿ ನೀರು ತಂದು ಮುಂದಿಟ್ಟರು. “ಕುಡಿ. ನೀರು ಜಾಸ್ತಿ ಕುಡೀಬೇಕು ಅಂದಿದ್ರಲ್ಲ ನಿಮ್ಮ ಮೇಷ್ಟ್ರು.”

ಮರುದಿನ ತಿಂಡಿ ತಿಂದು, ಹೇಳಿದಷ್ಟು ಹೊತ್ತು ಪೂರ್ತಿ ಕಳೆದ ಮೇಲೆಯೇ ಹೊರಟೆವು. ಘಟ್ಟದ ಒಂದೊಂದು ತಿರುವಿನಲ್ಲೂ ಭುಜ ಮುಟ್ಟಿ ನೋಡಿಕೊಂಡೆ. ತಮ್ಮನಿಂದ ಒಂದು ಮೆಸೇಜೂ ಇರಲಿಲ್ಲ. ಹೆಸರು ಇಟ್ಟಾಗಿದೆ ಎಂದೇ ಅಂದುಕೊಂಡೆ.

ನ್ಯೂ ಟೌನಿನ ಮನೆ ಮುಟ್ಟಿದಾಗ ಬಾಗಿಲಲ್ಲೇ ತಮ್ಮ ನಿಂತಿದ್ದ. ಮುಖದಲ್ಲಿ ಇನ್ನೂ ಸಿಟ್ಟು.

“ಬಂದ್ಲು ನೋಡಿ ಸಮುದ್ರರಾಣಿ! ಕೈಕಾಲು ತೊಳ್ಕೊಂಡು ಬಾ. ಬೆಳಗ್ಗೆಯಿಂದ ಎಲ್ರ ಹತ್ರಾನೂ ಬೈಸ್ಕೊಂಡು ತೊಟ್ಟಿಲು ಖಾಲಿ ಇಟ್ಟಿದೀನಿ.”

ಗೆದ್ದೆ! ಅಲ್ಲೇ ಕುಣಿಯಬೇಕೆನಿಸಿತು. ಹೂ ಸುತ್ತಿದ ತೊಟ್ಟಿಲು, ಸುತ್ತ ಹಾಡುವ ಹೆಂಗಸರು, ತಮ್ಮನ ಹೆಂಡತಿಯ ಮಡಿಲಲ್ಲಿ ಕಣ್ಣು ಪಿಳಿಪಿಳಿ ಬಿಡುವ ನನ್ನ ಸೋದರಸೊಸೆ. ಒಂದು ಚೂರೂ ನೋವಿಲ್ಲದ ಎರಡು ತೋಳು ಚಾಚಿ ಅವಳನ್ನು ಎತ್ತಿಕೊಂಡೆ.

“ಬೇಗ ಹೇಳು ಅಕ್ಕಾ,” ಎಂದ ತಮ್ಮ.

ನಾನು ಬಗ್ಗಿ, ಅವಳ ಕಿವಿಯಲ್ಲಿ ಹೆಸರನ್ನು ಮೂರು ಸಲ ಹೇಳಿದೆ, ನಿಧಾನವಾಗಿ.