ಕಪಾಟಿನೊಳಗಿನ ಹೊಸ ಎಣ್ಣೆ

ಶಾರ್ಜಾದಿಂದ ಮಸ್ಕತ್‌ಗೆ ವರ್ಗವಾದಾಗ ನಾನೂ ಹೆಂಡತಿ ಸುಜಾತಾಳೂ ಮನೆಸಾಮಾನನ್ನೆಲ್ಲ ಪಿಕಪ್‌ಗೆ ಹೇರಿಸಿಕೊಂಡು ಹೊರಟೆವು. ಒಮಾನ್ ಗಡಿಯಲ್ಲಿ ಸ್ಕ್ಯಾನರ್ ದಾಟಿದ್ದೇ ತಡ, ಅಧಿಕಾರಿಯೊಬ್ಬರು ನಮ್ಮ ಹಾಸಿಗೆ ಪಕ್ಕದ ಪುಟ್ಟ ಕಪಾಟನ್ನು ಇಳಿಸಲು ಹೇಳಿದರು. ಎರಡು ವರ್ಷದ ಹಿಂದೆ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಅವರು ಡ್ರಾಯರ್ ಹೊರಗೆಳೆದು, ಅದರಡಿಯ ಹಲಗೆ ಎಬ್ಬಿಸಿದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಪಿಸ್ತೂಲು ಇತ್ತು.

"ಸರ್, ಅಂಗಡಿಯವನದ್ದೇ ಇರಬೇಕು. ನಮಗೆ ಗೊತ್ತೇ ಇಲ್ಲ," ಎಂದೆ ಹಿಂದಿಯಲ್ಲಿ.

ಅವರು ಪಿಸ್ತೂಲನ್ನು ಮೂಸಿ, ಬಟ್ಟೆಗಂಟಿದ ಎಣ್ಣೆಯನ್ನು ತೋರಿಸಿದರು. "ಇದಕ್ಕೆ ಎಣ್ಣೆ ಹಾಕಿ ಒಂದು ವಾರವೂ ಆಗಿಲ್ಲ. ಮನೆಯ ಕೀಲಿಕೈ ಯಾರ ಹತ್ತಿರ ಇತ್ತು?"

"ನಮ್ಮಿಬ್ಬರ ಹತ್ತಿರ ಮಾತ್ರ."

ಸುಜಾತಾ ನನ್ನನ್ನು ನೋಡಿದಳು. ನಾನೂ ಅವಳನ್ನು ನೋಡಿದೆ. ಹನ್ನೆರಡು ವರ್ಷದ ಸಂಸಾರದಲ್ಲಿ ನಾವು ಒಬ್ಬರನ್ನೊಬ್ಬರು ಹಾಗೆ ನೋಡಿದ್ದೇ ಇಲ್ಲ.

ನಮ್ಮನ್ನು ಬೇರೆ ಬೇರೆ ಕೂರಿಸಿ ಸಂಜೆಯವರೆಗೂ ವಿಚಾರಿಸಿದರು. ಪಿಸ್ತೂಲಿನ ಮೇಲಿನ ಬೆರಳಚ್ಚು ನಮ್ಮದಲ್ಲ ಎಂದಾದ ಮೇಲೆ ಕಪಾಟು, ಪಿಸ್ತೂಲು ಎರಡನ್ನೂ ಇಟ್ಟುಕೊಂಡು, ಹೇಳಿಕೆಗೆ ಸಹಿ ಹಾಕಿಸಿ ಬಿಟ್ಟರು. ಪಾಸ್‌ಪೋರ್ಟ್ ಕೊಡುತ್ತಾ ಅಧಿಕಾರಿ ಹೇಳಿದರು: "ಖಲಾಸ್, ಹೋಗಿ. ಅಂದಹಾಗೆ, ನೀವಿಲ್ಲದಾಗ ಶಾರ್ಜಾದ ಮನೆಗೆ ಬಂದು ಇದಕ್ಕೆ ಎಣ್ಣೆ ಹಾಕುತ್ತಿದ್ದವನಿಗೆ ನಿಮ್ಮ ಹೊಸ ವಿಳಾಸ ಗೊತ್ತಿಲ್ಲ ತಾನೆ?"

"ಛೆ, ಹೇಗೆ ಗೊತ್ತಾಗುತ್ತೆ ಸರ್!" ಎಂದು ನಕ್ಕೆ.

ಸುಜಾತಾ ನಗಲಿಲ್ಲ. ಪಿಕಪ್‌ನತ್ತ ಕೈ ತೋರಿಸಿದಳು. ಹೊರಡುವ ಮುನ್ನ ಮೂರು ದಿನ ಶಾರ್ಜಾದ ಮನೆಯ ಮೆಟ್ಟಿಲ ಬಳಿ ಇಟ್ಟಿದ್ದ ಅಷ್ಟೂ ರಟ್ಟಿನ ಪೆಟ್ಟಿಗೆಗಳ ಮೇಲೆ, ಮಸ್ಕತ್‌ನ ದಾರ್ಸೈಟ್ ಬಡಾವಣೆಯ ಫ್ಲಾಟ್ ನಂಬರ್ ಸಮೇತ, ನಾನೇ ದಪ್ಪ ಅಕ್ಷರದಲ್ಲಿ ವಿಳಾಸ ಬರೆದಿದ್ದೆ. ಯಾರಿಗೂ ಗೊಂದಲವಾಗಬಾರದೆಂದು ಇಂಗ್ಲಿಷ್, ಅರಬ್ಬಿ ಎರಡರಲ್ಲೂ.